ವಕೀಲರ ಮುಂದೆ 50 ನಿಮಿಷ, ಅದಕ್ಕೂ ಮುಂಚೆ 5 ವಾರ

ವಿಚ್ಛೇದನದ ಬಗ್ಗೆ ವಕೀಲರನ್ನು ಒಂದು ಸಲ ಕಂಡು ಮಾತಾಡಿ ಬರೋದಕ್ಕೆ ನನಗೆ 5 ವಾರ ಹಿಡಿಯಿತು. ಮಾತು ನಡೆದದ್ದು 50 ನಿಮಿಷ. ಇನ್ನೂ ಕೇಸ್ ಹಾಕಿಲ್ಲ, ಯಾವ ಕಾಗದಕ್ಕೂ ಸಹಿ ಮಾಡಿಲ್ಲ. ಆದರೂ ಈ 5 ವಾರ ಓಡಾಡಿದ್ದು, ಕಾದಿದ್ದು, ಬಾಯಿ ಬಿಡಬಾರದ ಕಡೆ ಬಿಟ್ಟು ಪೇಚಿಗೆ ಸಿಕ್ಕಿದ್ದು ಎಲ್ಲ ನೆನೆದರೆ, ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ಅನಿಸುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮದುವೆ ಆದದ್ದು 2014ರಲ್ಲಿ. 7 ವರ್ಷದ ಮಗಳಿದ್ದಾಳೆ. ನಾನು, ನನ್ನ ಗಂಡ ಬೇರೆ ಬೇರೆ ಮನೆಯಲ್ಲಿ ಇರೋಕೆ ಶುರು ಮಾಡಿ 14 ತಿಂಗಳಾಯಿತು. ಹೊಡೆತ ಬಡಿತ ಏನೂ ಇಲ್ಲ. ಮಾತು ಕಡಿಮೆಯಾಗುತ್ತಾ ಹೋಗಿ ಕೊನೆಗೆ ಸ್ಕೂಲ್ ಫೀಸು, ಮನೆ ಸಾಲದ ಕಂತು, ಇಷ್ಟೇ ಉಳಿದಿತ್ತು. ಒಂದು ಭಾನುವಾರ ಮಗಳನ್ನು ಬಿಡೋಕೆ ಬಂದವರು ಬಾಗಿಲಲ್ಲೇ ನಿಂತು, "ಹೀಗೇ ಎಷ್ಟು ದಿನ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕು ಅಂದರೆ ಮುಂದೆ ಏನೇನಿದೆ ಅಂತ ಗೊತ್ತಿರಬೇಕಲ್ವಾ.

ಇಲ್ಲೇ ಒಂದು ಮಾತು. ಮನೆಯಲ್ಲಿ ಹಿಂಸೆ, ಬೆದರಿಕೆ ಇರುವವರು ನನ್ನ ಹಾಗೆ ನಿಧಾನ ಮಾಡಬೇಡಿ. 181 ಮಹಿಳಾ ಸಹಾಯವಾಣಿ, ತುರ್ತು ಇದ್ದರೆ 112. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ದಾರಿಯೇ ಬೇರೆ. ನಾನು ಹೇಳುತ್ತಿರುವುದು ಇಬ್ಬರಿಗೂ ಸಾಕಾಗಿರುವ, ಆದರೆ ಜಗಳ ಬೇಡ ಅನ್ನುವವರ ಕಥೆ.

ಮೊದಲು ನನಗೆ ನೆನಪಾದದ್ದು ನಮ್ಮ ಚಿಕ್ಕಪ್ಪನ ಗೆಳೆಯರು. ಜಮೀನು ವ್ಯಾಜ್ಯದಲ್ಲಿ ಹೆಸರು ಮಾಡಿದವರು. ಗೊತ್ತಿರುವವರು, ದುಡ್ಡೂ ಕೇಳಲ್ಲ ಅಂತ ಹೋದೆ. ಹೊರಗಿನ ಬೆಂಚಿನಲ್ಲಿ ಒಂದೂವರೆ ಗಂಟೆ ಕೂತೆ. ಒಳಗೆ ಕರೆದಾಗ ಇನ್ನೂ ಮೂರು ಜನ ಕಕ್ಷಿದಾರರು ಅಲ್ಲೇ ಕೂತಿದ್ದರು. ಅವರ ಮುಂದೆಯೇ "ಏನಮ್ಮ ಸಮಸ್ಯೆ?" ಅಂದರು. ತಡವರಿಸುತ್ತಾ ಎರಡು ಮಾತು ಹೇಳಿದೆ. "ಅಯ್ಯೋ, ಹೊಂದ್ಕೊಂಡು ಹೋಗಮ್ಮ, ಮಗು ಇದೆ" ಅಂದರು. ನಾನು ಕೇಳೋಕೆ ಹೋದದ್ದು ಕಾನೂನು, ಬಂದದ್ದು ಬುದ್ಧಿಮಾತು. ಅದೂ ಹೋಗಲಿ, ಮೂರನೇ ದಿನ ನಮ್ಮ ಅತ್ತೆ ಫೋನ್ ಮಾಡಿ, "ಲಾಯರ್ ಹತ್ರ ಹೋಗಿದ್ದೆಯಂತೆ?" ಅಂದರು. ಮಾತು ಹೇಗೆ ಅಲ್ಲಿಗೆ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ.

ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ವಕೀಲರು ಹೊರಗೆ ಹೇಳುವಂತಿಲ್ಲ. ಸಾಕ್ಷ್ಯ ಕಾನೂನಿನಲ್ಲೇ ಇದೆ, ಹಿಂದೆ 1872ರ ಕಾಯ್ದೆಯಲ್ಲಿತ್ತು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಆದರೆ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡವರ ಬಾಯಿಗೆ ಬೀಗ ಹಾಕುವವರು ಯಾರು? ನೆಂಟರ ಪೈಕಿ ವಕೀಲರು ಬೇಡ. ಎಲ್ಲಿಗೇ ಹೋದರೂ "ಸ್ವಲ್ಪ ಒಬ್ಬರ ಹತ್ತಿರವೇ ಮಾತಾಡಬೇಕಿತ್ತು" ಅಂತ ಮೊದಲೇ ಹೇಳಿ.

ಎರಡನೆಯವರ ನಂಬರ್ ಸಿಕ್ಕಿದ್ದು ಇಂಟರ್ನೆಟ್ಟಿನಲ್ಲಿ. "3 ತಿಂಗಳಲ್ಲಿ ಡೈವೋರ್ಸ್ ಗ್ಯಾರಂಟಿ" ಅಂತ ಹಾಕಿದ್ದರು. ವಕೀಲರು ಜಾಹೀರಾತು ಕೊಡುವಂತಿಲ್ಲ, ವಕೀಲರ ಮೇಲೆ ನಿಗಾ ಇಡುವ ಬಾರ್ ಕೌನ್ಸಿಲ್ಲಿನ ನಿಯಮವೇ ಇದೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಆಗ ಆ ಗ್ಯಾರಂಟಿ ಅನ್ನೋ ಪದ ನೋಡಿಯೇ ಸಮಾಧಾನ ಆಗಿತ್ತು. ಹೋದರೆ ಆಫೀಸು ಚೆನ್ನಾಗಿತ್ತು, ಎಸಿ ಇತ್ತು. ಹತ್ತು ನಿಮಿಷ ಕೇಳಿದವರು ಗಂಡನ ಸಂಬಳ ಎಷ್ಟು ಅಂದರು. ಹೇಳಿದೆ. "ಕಂಟೆಸ್ಟ್ ಮಾಡೋಣ ಮೇಡಂ, ಕೋರ್ಟಲ್ಲಿ ಹೋರಾಡೋಣ. ಈಗ ಫೀಸ್ ಕಡಿಮೆ ಕೊಡಿ, ಜೀವನಾಂಶ ಬಂದಾಗ ಅದರಲ್ಲಿ ಇಷ್ಟು ಪರ್ಸೆಂಟ್ ನಮಗೆ" ಅಂದರು. ಜೊತೆಗೆ ಒಂದು ವಕಾಲತ್ತು ಫಾರಂ, ಎರಡು ಖಾಲಿ ಹಾಳೆ ಮುಂದಿಟ್ಟರು. "ಸಹಿ ಮಾಡಿ ಹೋಗಿ, ಮಿಕ್ಕಿದ್ದು ನಾವು ತುಂಬ್ಕೋತೀವಿ."

ಪೆನ್ನು ಕೈಯಲ್ಲಿ ಹಿಡಿದಿದ್ದೆ. ನಿಜ ಹೇಳಬೇಕು ಅಂದರೆ ಸಹಿ ಮಾಡಿಬಿಡುತ್ತಿದ್ದೆ. ಅಷ್ಟರಲ್ಲಿ ಮಗಳನ್ನು ಟ್ಯೂಷನ್‌ನಿಂದ ಕರೆದುಕೊಂಡು ಬರುವ ಹೊತ್ತಾಯಿತು ಅಂತ ಫೋನಿನ ಅಲಾರಂ ಹೊಡೆಯಿತು. ನಾಳೆ ಬರ್ತೀನಿ ಅಂತ ಎದ್ದು ಬಂದೆ. ಮತ್ತೆ ಹೋಗಲಿಲ್ಲ.

ಈಗ ಗೊತ್ತಿರುವುದು ಇಷ್ಟು. ಸಲಹೆ ಕೇಳೋಕೆ ವಕಾಲತ್ತು ಬೇಕಾಗಿಲ್ಲ. ವಕಾಲತ್ತು ಅಂದರೆ ನನ್ನ ಪರವಾಗಿ ಕೋರ್ಟಿನಲ್ಲಿ ನಿಲ್ಲೋಕೆ ಅಧಿಕಾರ ಕೊಡುವ ಕಾಗದ. ಒಬ್ಬರು ಅದನ್ನು ಕೋರ್ಟಿಗೆ ಹಾಕಿದ ಮೇಲೆ ವಕೀಲರನ್ನು ಬದಲಿಸಬೇಕಾದರೆ ಸಾಮಾನ್ಯವಾಗಿ ಮೊದಲಿನವರ ಹತ್ತಿರ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಕೇಳಿಕೊಂಡು ಹೋಗಬೇಕು. ಬರುವ ಹಣದಲ್ಲಿ ಪಾಲು ಕೇಳೋದಕ್ಕೂ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶ ಇಲ್ಲ. ಖಾಲಿ ಹಾಳೆಯ ಬಗ್ಗೆ ನಾನೇನು ಹೇಳಲಿ.

ಇಷ್ಟಕ್ಕೆ ಎರಡು ವಾರ ಕಳೆದಿತ್ತು. ರಾತ್ರಿ ನಿದ್ದೆ ಇಲ್ಲ. ಯಾರನ್ನು ನಂಬೋದು, ಯಾರನ್ನು ಬಿಡೋದು. ಆಗ ಜೊತೆಗೆ ಕೆಲಸ ಮಾಡುವ ಒಬ್ಬರು, "ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆಯಲ್ಲ, ಅಲ್ಲಿ ಕೇಳಿ" ಅಂದರು. ಅದು ಬಡವರಿಗೆ, ನನಗೆ ಸಂಬಳ ಬರುತ್ತೆ, ನನಗೆ ಯಾಕೆ ಕೊಡ್ತಾರೆ ಅಂದೆ. ತಪ್ಪು ತಿಳಿದಿದ್ದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಉಚಿತ ನೆರವು ಪಡೆಯೋಕೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಗಂಡಸರಿಗೆ ಆದಾಯ, ಜಾತಿ, ಅಂಗವೈಕಲ್ಯ ಹೀಗೆ ಬೇರೆ ಆಧಾರಗಳಿವೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ತಾಲ್ಲೂಕಿನಲ್ಲೂ ಇವರ ಸಮಿತಿ ಇರುತ್ತೆ.

ಅರ್ಧ ದಿನ ರಜೆ ಹಾಕಿ ಹೋದೆ. ಒಂದು ಅರ್ಜಿ, ಆಧಾರ್ ಜೆರಾಕ್ಸ್, ಅಷ್ಟೇ ಕೇಳಿದ್ದು. ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನಲ್ ವಕೀಲರೊಬ್ಬರು ಸಿಕ್ಕಿದರು, ಚಿಕ್ಕ ವಯಸ್ಸಿನ ಹುಡುಗ. ಇಪ್ಪತ್ತು ನಿಮಿಷದಲ್ಲಿ ನಾನು ಹತ್ತು ಸಲ "ಅದೇನಾಯ್ತು ಅಂದ್ರೆ" ಅಂತ ಶುರು ಮಾಡಿದ್ದೆನೋ ಏನೋ. ಆತ ತಾಳ್ಮೆಯಿಂದ ಕೇಳಿ, "ಮೇಡಂ, ಮುಂದಿನ ಸಲ ಯಾರ ಹತ್ರ ಹೋದ್ರೂ ಒಂದೇ ಒಂದು ಹಾಳೆಯಲ್ಲಿ ತಾರೀಖು ಬರ್ಕೊಂಡು ಹೋಗಿ. ಮದುವೆ, ಮಗು, ಮನೆ, ಸಾಲ, ಬೇರೆಯಾಗಿದ್ದು. ಅಷ್ಟೇ" ಅಂದರು. ಐದು ವಾರದಲ್ಲಿ ಸಿಕ್ಕ ಅತ್ಯಂತ ಉಪಯೋಗದ ಮಾತು ಅದು. ಪುಕ್ಕಟೆ ಸಿಕ್ಕಿದ್ದೂ ಅದೇ. ಬೇಕಾದರೆ ವಕೀಲರನ್ನು ನೇಮಿಸಿಕೊಡ್ತೀವಿ, ಕೇಸ್ ಹಾಕುವ ಮುಂಚೆಯೇ ಇಬ್ಬರನ್ನೂ ಕೂರಿಸಿ ಮಧ್ಯಸ್ಥಿಕೆ ಕೂಡ ಮಾಡಿಸಬಹುದು ಅಂದರು. ಮನೆ ಸಾಲ ಜಂಟಿಯಲ್ಲಿದ್ದು ತೊಡಕಾಗಿದ್ದರಿಂದ, ಕುಟುಂಬ ನ್ಯಾಯಾಲಯದಲ್ಲೇ ಪಳಗಿದ ಒಬ್ಬರನ್ನು ಕೇಳಿ ಆಮೇಲೆ ಬರ್ತೀನಿ ಅಂದೆ. ಆತನಿಗೆ ಬೇಜಾರೇನೂ ಆಗಲಿಲ್ಲ.

ಪಳಗಿದವರು ಯಾರು ಅಂತ ತಿಳಿಯೋದು ಹೇಗೆ? ಅದಕ್ಕೆ ನಾನು ಮಾಡಿದ್ದು ಸ್ವಲ್ಪ ವಿಚಿತ್ರ. ಒಂದು ಬೆಳಿಗ್ಗೆ ಕುಟುಂಬ ನ್ಯಾಯಾಲಯದ ಮೊಗಸಾಲೆಯಲ್ಲಿ ಸುಮ್ನೆ ಹೋಗಿ ಕೂತೆ. ಒಳಗೆ ಹೋಗಲಿಲ್ಲ. ಹೊರಗೆ ಗೋಡೆಗೆ ಆ ದಿನದ ಕೇಸುಗಳ ಪಟ್ಟಿ ಅಂಟಿಸಿದ್ದರು, ಜನ ಬೆರಳಿಟ್ಟು ತಮ್ಮ ಹೆಸರು ಹುಡುಕುತ್ತಿದ್ದರು. ಒಬ್ಬ ಅಪ್ಪ ಪುಟ್ಟ ಹುಡುಗನ ಶೂ ಲೇಸ್ ಕಟ್ಟುತ್ತಾ ಕೂತಿದ್ದ. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. ಹುಡುಗ ಸುಮ್ಮನೆ ಕಾಲು ಕೊಟ್ಟು ಕೂತಿದ್ದ. ನಾನು ಬೇರೆ ಕಡೆ ನೋಡಿದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸರ ಹತ್ತಿರ ಮಾತು ತೆಗೆದೆ. ಕೇಳಿದ್ದು ಎರಡೇ ಪ್ರಶ್ನೆ. ನಿಮ್ಮ ವಕೀಲರು ಯಾರು? ಫೋನ್ ಎತ್ತುತ್ತಾರಾ? ಎರಡನೇ ಪ್ರಶ್ನೆಗೆ ನಾಲ್ಕು ಜನರಲ್ಲಿ ಮೂರು ಜನ ನಕ್ಕರು. ನಾಲ್ಕನೆಯವರು, "ಸಂಜೆ ಆರರ ಮೇಲೆ ಎತ್ತುತ್ತಾರೆ, ಎತ್ತದಿದ್ರೆ ಗುಮಾಸ್ತರು ವಾಪಸ್ ಮಾಡ್ತಾರೆ" ಅಂದರು. ಆ ವಕೀಲೆಯ ಹೆಸರು ಬರೆದುಕೊಂಡೆ. ಮನೆಗೆ ಬಂದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ವಕೀಲರ ಹೆಸರಿನಿಂದ ಹುಡುಕಿದೆ. ಅವರ ಕೇಸುಗಳಲ್ಲಿ ಜಾಸ್ತಿ ಪಾಲು ಕುಟುಂಬ ನ್ಯಾಯಾಲಯದವೇ ಇದ್ದವು. ಅದೇ ಆ್ಯಪ್‌ನಲ್ಲಿ ನನ್ನ ಹೆಸರನ್ನೂ ಹುಡುಕಿದೆ, ಗಂಡನ ಕಡೆಯಿಂದ ಏನಾದರೂ ಆಗಲೇ ಹಾಕಿದ್ದಾರಾ ಅಂತ. ಇರಲಿಲ್ಲ. ಹುಡುಕಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಹಗಲು ನಾಲ್ಕು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಹಗಲು ಅವರು ಕೋರ್ಟಿನಲ್ಲಿರುತ್ತಾರೆ ಅನ್ನೋದು ತಲೆಗೆ ಹೊಳೆಯಲೇ ಇಲ್ಲ. ಸಂಜೆ ಆರೂಕಾಲಿಗೆ ಗುಮಾಸ್ತರು ಎತ್ತಿದರು. ನನ್ನ ಹೆಸರು, ಊರು ಕೇಳಿ ಆಮೇಲೆ "ಯಜಮಾನ್ರ ಹೆಸರು?" ಅಂದರು. ಎದೆ ಧಸಕ್ ಅಂತು. ಅವರ ಹೆಸರು ಯಾಕೆ ಅಂದೆ. "ಅವರು ಮೊದಲೇ ನಮ್ಮ ಹತ್ರ ಬಂದು ಹೋಗಿದ್ರೆ ನಿಮ್ಮನ್ನ ತಗೊಳ್ಳೋಕಾಗಲ್ಲಮ್ಮ, ಅದಕ್ಕೆ." ಸರಿಯಾದ ಮಾತೇ. ಈ ಪ್ರಶ್ನೆ ಕೇಳಿದರೆ ಗಾಬರಿ ಬೀಳಬೇಡಿ, ಕೇಳದೇ ಇದ್ದರೆ ಯೋಚಿಸಿ. ಸಲಹೆಯ ಫೀಸು 1,500 ರೂಪಾಯಿ ಅಂತ ಫೋನಿನಲ್ಲೇ ಹೇಳಿದರು. ಒಂಬತ್ತು ದಿನ ಬಿಟ್ಟು ಒಂದು ಗುರುವಾರ ಸಂಜೆ ಆರೂವರೆಗೆ ಬನ್ನಿ ಅಂದರು.

ಆ ಗುರುವಾರವನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಹಾಕಿಟ್ಟೆ. ನಾನು ಮಾಡಿದ ದೊಡ್ಡ ಪೆದ್ದುತನ ಅದು. ನಮ್ಮ ಹಳೇ ಟ್ಯಾಬ್‌ನಲ್ಲಿ ಇನ್ನೂ ನನ್ನ ಗೂಗಲ್ ಅಕೌಂಟ್ ಇತ್ತು. ಟ್ಯಾಬ್ ಇರೋದು ಗಂಡನ ಮನೆಯಲ್ಲಿ, ಮಗಳು ಶನಿವಾರ ಕಾರ್ಟೂನ್ ನೋಡೋಕೆ. ಶನಿವಾರ ಸಂಜೆ ಫೋನ್ ಬಂತು. "ಗುರುವಾರ ವಕೀಲರು ಅಂತ ಬರ್ತಿದೆ ಇಲ್ಲಿ. ಮಗು ಓದಿ ಹೇಳಿದ್ಲು. ಕೋರ್ಟಿಗೆ ಹಾಕ್ತಿದ್ದೀಯಾ?"

ನನಗೆ ಮಾತೇ ಹೊರಡಲಿಲ್ಲ. ಮಗಳು ಈಗ ತಾನೇ ಕೂಡಿಸಿ ಓದೋಕೆ ಕಲಿತಿದ್ದಾಳೆ. ವ-ಕೀ-ಲ-ರು ಅಂತ ಒಂದೊಂದೇ ಅಕ್ಷರ ಜೋಡಿಸಿ ಓದಿರುತ್ತಾಳೆ. "ಹಾಕ್ತಿಲ್ಲ ರೀ. ಏನಿದೆ ಅಂತ ಕೇಳೋಕೆ ಹೋಗ್ತಿದ್ದೀನಿ" ಅಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ "ಹೇಳ್ಬಹುದಿತ್ತು" ಅಂತ ಇಟ್ಟುಬಿಟ್ಟರು. ಅವತ್ತೇ ರಾತ್ರಿ ಕೂತು ಎಲ್ಲ ಕಡೆಯಿಂದ ಲಾಗೌಟ್ ಮಾಡಿ ಪಾಸ್‌ವರ್ಡ್ ಬದಲಿಸಿದೆ. ಅವರಿಗೆ ಹೆದರಿ ಅಲ್ಲ, ಮಗಳಿಗಾಗಿ. ನೀವು ಈ ಕೆಲಸ ಮೊದಲನೇ ದಿನವೇ ಮಾಡಿ. ಜಂಟಿ ಇಮೇಲ್, ವಾಟ್ಸ್ಆ್ಯಪ್ ವೆಬ್, ಫೋಟೋ ಬ್ಯಾಕಪ್, ಎಲ್ಲ ನೋಡಿ.

ಇನ್ನು ಕಾಗದಗಳು. ಗುಮಾಸ್ತರು ಹೇಳಿದ ಪಟ್ಟಿ ದೊಡ್ಡದಿರಲಿಲ್ಲ. ಇಬ್ಬರ ಆಧಾರ್, ಮದುವೆ ನೋಂದಣಿ ಪತ್ರ, ಲಗ್ನಪತ್ರಿಕೆ, ಮದುವೆಯ ಒಂದೆರಡು ಫೋಟೋ, ಮಗುವಿನ ಜನನ ಪ್ರಮಾಣಪತ್ರ, ನನ್ನ ಸಂಬಳದ ಚೀಟಿ, ಮನೆ ಸಾಲದ ಸ್ಟೇಟ್‌ಮೆಂಟ್, ಚಿನ್ನದ ಬಿಲ್ ಇದ್ದರೆ ಅದು. ಸಂಪಾದಿಸೋಕೆ ಮಾತ್ರ ಸಾಕು ಸಾಕಾಯಿತು.

ನಮ್ಮ ಮದುವೆ ನೋಂದಣಿಯೇ ಆಗಿಲ್ಲ. ಅದು ಗೊತ್ತಾದಾಗ, ಹಾಗಾದರೆ ಮದುವೆಯೇ ಆಗಿಲ್ಲ ಅಂತಾರಾ ಅಂತ ಒಂದು ರಾತ್ರಿಯೆಲ್ಲ ಚಿಂತೆ ಮಾಡಿದೆ. ನೋಂದಣಿ ಇಲ್ಲ ಅಂತ ಹಿಂದೂ ಮದುವೆ ಅಸಿಂಧು ಆಗಲ್ಲ, ಕಾಯ್ದೆಯಲ್ಲೇ ಹಾಗಿದೆ ಅಂತ ವಕೀಲೆ ಆಮೇಲೆ ಹೇಳಿದರು. ಲಗ್ನಪತ್ರಿಕೆ, ಫೋಟೋ ಅದಕ್ಕೇ ಬೇಕಾಗೋದು. ಪತ್ರಿಕೆ ಸಿಕ್ಕಿದ್ದು ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಹಾಸಿದ ನ್ಯೂಸ್ ಪೇಪರಿನ ಅಡಿ. ನಾಲ್ಕು ಮೂಲೆಗೂ ಹಚ್ಚಿದ ಅರಿಶಿನ ಹಾಗೇ ಇತ್ತು, ಸ್ವಲ್ಪ ಕಂದಿತ್ತು. ಅಮ್ಮ ಯಾಕೆ ಅಂತ ಕೇಳಲಿಲ್ಲ. ಸೀರೆಗಳನ್ನು ಮಡಚಿ ಮಡಚಿ ಇಡುತ್ತಾ ಇದ್ದರು, ಮಡಚಿದ್ದನ್ನೇ ಮತ್ತೆ.

ಚಿನ್ನದ ಬಿಲ್ಲುಗಳು ಜೋಪಾನವಾಗಿ ಒಂದು ಕವರಿನಲ್ಲಿದ್ದವು. ತೆಗೆದು ನೋಡಿದರೆ ಅರ್ಧಕ್ಕರ್ಧ ಬೆಳ್ಳಗೆ ಖಾಲಿ. ಮೆಷಿನ್‌ನಿಂದ ಬರುವ ಆ ನುಣುಪು ಕಾಗದದ ಶಾಯಿ ಹಾರಿಹೋಗುತ್ತೆ. ಇಂಥ ಬಿಲ್ ನಿಮ್ಮ ಹತ್ತಿರ ಇದ್ದರೆ, ಯಾವ ಕಾರಣಕ್ಕೇ ಇರಲಿ, ಇವತ್ತೇ ಫೋಟೋ ತೆಗೆದಿಡಿ. ಸಾಲದ ಸ್ಟೇಟ್‌ಮೆಂಟಿಗೆ ಲಾಗಿನ್ ಮಾಡಿದರೆ ಒಟಿಪಿ ಹೋಗೋದು ಅವರ ಮೊಬೈಲಿಗೆ. ಕೊನೆಗೆ ಬ್ಯಾಂಕಿಗೇ ಹೋಗಿ, ಜಂಟಿ ಸಾಲಗಾರಳು ಅಂತ ಅರ್ಜಿ ಬರೆದು ಕೊಟ್ಟೆ. ಮೂರು ದಿನಕ್ಕೆ ಕೊಟ್ಟರು.

ಆ ಒಂದು ಹಾಳೆ ಬರೆಯೋಕೆ ಮೂರು ರಾತ್ರಿ ಆಯಿತು. ಮೊದಲನೇ ಸಲ ಬರೆದಾಗ ಏಳು ಪುಟ. ಅವರು ಅಂದದ್ದು, ನಾನು ಅಂದದ್ದು, ಅತ್ತೆ ಅಂದದ್ದು, ಆ ಯುಗಾದಿಯ ದಿನ ಆದದ್ದು. ಎರಡನೇ ಸಲಕ್ಕೆ ಮೂರು ಪುಟ. ಮೂರನೇ ಸಲ ತಾರೀಖು ಮಾತ್ರ ಇಟ್ಟು ಉಳಿದದ್ದು ಹೊಡೆದು ಹಾಕಿದೆ. ಹದಿನಾಲ್ಕು ಸಾಲು ಉಳಿಯಿತು. ಹನ್ನೊಂದು ವರ್ಷಕ್ಕೆ ಹದಿನಾಲ್ಕು ಸಾಲು. ಏಳು ಪುಟವನ್ನು ಹರಿಯಲಿಲ್ಲ, ಎತ್ತಿಟ್ಟಿದ್ದೇನೆ.

ಗುರುವಾರ ಮಧ್ಯಾಹ್ನ ಗುಮಾಸ್ತರ ಫೋನು. ಮೇಡಂಗೆ ಒಂದು ಕೇಸ್ ತಡವಾಗ್ತಿದೆ, ಶನಿವಾರ ಬನ್ನಿ. ಹೀಗೆ ಮುಂದಕ್ಕೆ ಹೋಗೋದು ಮಾಮೂಲು ಅಂತೆ. ನನಗೆ ಮಾತ್ರ ಪರೀಕ್ಷೆ ಮುಂದೂಡಿದ ಹಾಗೆ, ಅತ್ತ ಸಮಾಧಾನವೂ ಇಲ್ಲ, ಇತ್ತ ಬೇಜಾರೂ ಅಲ್ಲ.

ಶನಿವಾರ ಅತ್ತಿಗೆ ಜೊತೆಗೆ ಬಂದರು. ಅವರನ್ನು ಹೊರಗೇ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ವಕೀಲೆ ನನ್ನ ಹಾಳೆ ತೆಗೆದುಕೊಂಡು ಒಂದು ನಿಮಿಷ ಓದಿದರು. "ಮದುವೆ ಎಲ್ಲಿ ಆಯ್ತು? ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದದ್ದು ಎಲ್ಲಿ? ನೀವೀಗ ಎಲ್ಲಿದ್ದೀರಿ?" ಅಂದರು. ಯಾವ ಊರಿನ ಕೋರ್ಟಿಗೆ ಹೋಗಬೇಕು ಅನ್ನೋದು ಇದರ ಮೇಲೇ ನಿಲ್ಲುತ್ತೆ. ಹೆಂಡತಿ ಅರ್ಜಿ ಹಾಕೋದಾದರೆ ಅವಳು ಈಗ ವಾಸ ಇರುವ ಕಡೆಯೂ ಹಾಕಬಹುದು, 2003ರಲ್ಲಿ ಆ ತಿದ್ದುಪಡಿ ಬಂದಿದೆ.

ಆಮೇಲೆ 13ಬಿ. ಪರಸ್ಪರ ಒಪ್ಪಿಗೆಯ ವಿಚ್ಛೇದನ, 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆದವರಿಗೆ 28ನೇ ಸೆಕ್ಷನ್. ಒಂದು ವರ್ಷ ಬೇರೆ ಇದ್ದಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಿಲ್ಲ, ಗಂಡ ಹೆಂಡತಿಯ ಹಾಗೆ ಬಾಳದೇ ಇದ್ದರೂ ಸಾಕು. ಇಬ್ಬರೂ ಸೇರಿ ಅರ್ಜಿ ಹಾಕಿದ ಮೇಲೆ 6 ತಿಂಗಳು ಬಿಟ್ಟು, 18 ತಿಂಗಳೊಳಗೆ ಮತ್ತೆ ಬಂದು ಹೌದು ಅನ್ನಬೇಕು. ಈ 6 ತಿಂಗಳನ್ನು ಸರಿಯಾದ ಕಾರಣ ಇದ್ದರೆ ಕೋರ್ಟು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಡಲೇಬೇಕು ಅಂತಿಲ್ಲ. ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ಆದೇಶ, ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೋಬಹುದು. "3 ತಿಂಗಳ ಗ್ಯಾರಂಟಿ" ನೆನಪಾಯಿತು.

"ಒಪ್ಪಿಗೆ ಅಂದ್ರೆ ಬೇರೆ ಆಗೋಕೆ ಮಾತ್ರ ಅಲ್ಲ" ಅಂದರು ವಕೀಲೆ. "ಮಗು, ದುಡ್ಡು, ಚಿನ್ನ, ಸಾಲ ಎಲ್ಲದಕ್ಕೂ ಒಪ್ಪಿಗೆ ಆಗಿ ಬರೆದಿರಬೇಕು. ಜನ ಅಲ್ಲೇ ಜಾರೋದು." ಸಾಲ ಅವರು ಕಟ್ಟಲಿ ಅಂತ ನಾವು ಬರೆದುಕೊಂಡರೂ ಬ್ಯಾಂಕ್ ನನ್ನನ್ನು ಬಿಡಲ್ಲ, ಬ್ಯಾಂಕೇ ನನ್ನ ಹೆಸರು ತೆಗೆಯಬೇಕು. ಇದು ನನಗೆ ಹೊಳೆದೇ ಇರಲಿಲ್ಲ. ಮದುವೆಯಲ್ಲಿ ನನಗೆ ಕೊಟ್ಟದ್ದು ಸ್ತ್ರೀಧನ, ಅದು ನನ್ನದೇ, ಬಿಲ್ ಇಲ್ಲದಿದ್ದರೆ ಫೋಟೋ ನೋಡಿ ಪಟ್ಟಿ ಮಾಡಿ ಅಂದರು. ಜೀವನಾಂಶದ ಮಾತು ಬಂದರೆ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು, 2020ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಮಾಡಿದೆ. ನನ್ನ ಸಂಬಳವನ್ನೂ ಮುಚ್ಚಿಡೋಕಾಗಲ್ಲ ಅಂತ ನಗುತ್ತಲೇ ಹೇಳಿದರು.

ಇಷ್ಟೂ ಹೊತ್ತು ನಾನು ಗಟ್ಟಿಯಾಗಿದ್ದೆ. ಆಮೇಲೆ ಅವರು ಮಾಮೂಲು ದನಿಯಲ್ಲಿ, ಪೆನ್ನು ಹಿಡಿದುಕೊಂಡೇ, "ಮಗೂನ ಸ್ಕೂಲಿಂದ ಯಾರು ಕರ್ಕೊಂಡು ಬರ್ತಾರೆ?" ಅಂದರು. ಸೋಮವಾರ, ಬುಧವಾರ ಅವರು, ಉಳಿದ ದಿನ ನಾನು. ಇಷ್ಟು ಹೇಳೋಕೆ ಹೋಗಿ ಅಳು ಬಂದುಬಿಟ್ಟಿತು. ನಿಲ್ಲಲೇ ಇಲ್ಲ. ಜೂನಿಯರ್ ಹುಡುಗಿ ಬರೆಯೋದು ನಿಲ್ಲಿಸಿ ಕಿಟಕಿ ಕಡೆ ನೋಡುತ್ತಾ ಕೂತಳು. ಗುಮಾಸ್ತರು ಕರೆಯದೇ ಬಂದು ಒಂದು ಲೋಟ ನೀರಿಟ್ಟು ಹೋದರು. ಅವರಿಗೆ ಇದು ದಿನಾ ನೋಡಿ ಅಭ್ಯಾಸ ಅಂತ ಕಾಣುತ್ತೆ. ವಕೀಲೆ, "ಈಗ ಹೇಗೆ ನಡೀತಿದೆಯೋ ಹಾಗೇ ನಡೀಲಿ, ಅದನ್ನ ಕೆಡಿಸಬೇಡಿ. ಕೋರ್ಟು ನೋಡೋದು ಮಗುವಿನ ಹಿತ" ಅಂದರು.

ಕೊನೆಯ ಐದು ನಿಮಿಷ ಫೀಸಿನ ಮಾತು. ಒಟ್ಟು ಎಷ್ಟು, ಯಾವ ಹಂತದಲ್ಲಿ ಎಷ್ಟು, ಟೈಪಿಂಗ್, ಸ್ಟಾಂಪು ಅದರೊಳಗೇ ಬರುತ್ತಾ ಅಂತ ನಾಚಿಕೆ ಬಿಟ್ಟು ಕೇಳಿದೆ. ಜೂನಿಯರ್ ಬರೆದು ಕೊಟ್ಟಳು. ಒಬ್ಬರೇ ವಕೀಲರು ಇಬ್ಬರಿಗೂ ಆಗ್ತಾರಾ ಅಂದೆ. "ಜಂಟಿ ಅರ್ಜಿ, ಆಗಬಹುದು. ಆದ್ರೆ ಅವರೂ ತಮ್ಮ ಕಡೆಯಿಂದ ಒಬ್ಬರನ್ನ ಕೇಳಲಿ. ಆಮೇಲೆ ನಿಮ್ಮ ವಕೀಲರು ನನ್ನನ್ನ ಕೆಡಿಸಿದ್ರು ಅನ್ನೋ ಮಾತು ಬರಬಾರದು."

ಹೊರಡುವಾಗ ಗುಮಾಸ್ತರು ಲಗ್ನಪತ್ರಿಕೆ ವಾಪಸ್ ಕೊಟ್ಟು, "ಜೆರಾಕ್ಸ್ ಇಟ್ಕೊಂಡಿದ್ದೀನಿ, ಒರಿಜಿನಲ್ ಯಾರಿಗೂ ಕೊಡಬೇಡಿ" ಅಂದರು. ಐದು ವಾರದ ಒಟ್ಟು ಖರ್ಚು ಸಲಹೆಗೆ 1,500, ಆಟೋ, ಜೆರಾಕ್ಸ್, ಎರಡು ಅರ್ಧ ದಿನದ ರಜೆ.

ಆ ರಾತ್ರಿ ನಾನೇ ಗಂಡನಿಗೆ ಫೋನ್ ಮಾಡಿ ಕೇಳಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಸಾಲದ ವಿಷಯವನ್ನು ಎರಡು ಸಲ ಹೇಳಿಸಿಕೊಂಡರು. ನಾನೂ ಯಾರನ್ನಾದ್ರೂ ಕೇಳ್ತೀನಿ, ಕಾಗದದ ಪಟ್ಟಿ ಕಳಿಸು ಅಂದರು. ಫೋಟೋ ತೆಗೆದು ಕಳಿಸಿದೆ. ಹನ್ನೊಂದು ಗಂಟೆಗೆ ಮೆಸೇಜ್ ಬಂತು: "ಲಗ್ನಪತ್ರಿಕೆ ನಿನ್ನ ಹತ್ರ ಇದೆಯಾ? ಇಲ್ಲಿ ಎಲ್ಲೂ ಸಿಗ್ತಿಲ್ಲ."